ಡಿಕ್ಕಿಯಲ್ಲೊಂದು ಕೆಂಪು ದೀಪ

ಕಾರಿನ ಆಂಪ್ಲಿಫೈಯರ್ ಕೆಟ್ಟಾಗ ಯಜಮಾನರಿಗೆ ಆಗುವ ಸಂಕಟ ಒಂದು ಬಗೆಯದು. ಸಾವಿರಗಟ್ಟಲೆ ಸುರಿದು ರಿಪೇರಿ ಮಾಡಿಸಿ, ಡಿಕ್ಕಿಯಲ್ಲಿ ಮತ್ತೆ ಕೂರಿಸಿ, ಎರಡು ಹಾಡು ಮುಗಿಯುವುದರೊಳಗೆ ಅದು ಇನ್ನೊಮ್ಮೆ ಬಾಯಿ ಮುಚ್ಚಿದಾಗ ಆಗುವ ಸಂಕಟವೇ ಬೇರೆ. ಮೊದಲ ಸಲ ದುಃಖ ಮಾತ್ರ. ಎರಡನೇ ಸಲ ಅದಕ್ಕೆ ಅನುಮಾನವೂ ಸೇರಿಕೊಳ್ಳುತ್ತದೆ. ಹಸಿರಾಗಿದ್ದ ಪುಟ್ಟ ದೀಪ ಕೆಂಪಾಗಿದೆ. ಪಕ್ಕದಲ್ಲಿ ‘ಪ್ರೊಟೆಕ್ಟ್’ ಎಂದು ಬರೆದಿದೆ. ಯಾರನ್ನು ಯಾರಿಂದ ರಕ್ಷಿಸುತ್ತಿದೆ ಎಂಬುದನ್ನು ಮಾತ್ರ ಬರೆದಿಲ್ಲ.

ಬಿಲ್ಲು ಹಿಡಿದು ಓಡಿದರೆ ರಿಪೇರಿಯವರು ಆಂಪನ್ನು ಬಿಚ್ಚಿಸಿ ತಮ್ಮ ಮೇಜಿನ ಮೇಲಿಟ್ಟು, ಮೂರು ವೈರು ಸಿಕ್ಕಿಸಿ, ಮೂಲೆಯಲ್ಲಿದ್ದ ಹಳೇ ಸ್ಪೀಕರ್ ಒಂದನ್ನು ಎಳೆದುಕೊಳ್ಳುತ್ತಾರೆ. ಹಾಡು ಶುರುವಾಗುತ್ತದೆ. “ನೋಡಿ ಸಾರ್, ಇಲ್ಲಿ ಚೆನ್ನಾಗೇ ಹಾಡ್ತಾ ಇದೆ. ನಿಮ್ಮ ಗಾಡೀಲೇ ಏನೋ ಪ್ರಾಬ್ಲಮ್ಮು.” ಯಜಮಾನರಿಗೆ ಇದು ಜಾರಿಕೊಳ್ಳುವ ಮಾತಾಗಿ ಕೇಳಿಸುತ್ತದೆ. ಬಹಳ ಸಲ ಅದು ನಿಜವೇ ಆಗಿರುತ್ತದೆ. ಸತ್ತದ್ದು ಆಂಪು, ಕೊಂದದ್ದು ಕಾರು. ತೊಂದರೆಯೆಂದರೆ ಅಷ್ಟು ಹೇಳಿದವರು ಎದ್ದು ಬಂದು ಕಾರನ್ನು ನೋಡುವುದಿಲ್ಲ.

ಬೆಂಗಳೂರಿನ ಬೆನ್ಸನ್ ಟೌನಿನಂಥ ಬಡಾವಣೆಯಲ್ಲಿ ನಿಂತು ನೋಡಿದರೆ ಇದಕ್ಕೆ ಕಾರಣ ಸುಲಭವಾಗಿ ಕಾಣುತ್ತದೆ. ಒಂದು ಕಡೆ ನಂದಿದುರ್ಗ ರಸ್ತೆ, ಇನ್ನೊಂದು ಕಡೆ ಆರ್ಚ್‌ಬಿಷಪ್ಪರ ನಿವಾಸವಿರುವ ಮಿಲ್ಲರ್ಸ್ ರಸ್ತೆ. ಸ್ವಲ್ಪ ಮುಂದೆ ಖುದ್ದೂಸ್ ಸಾಹೇಬ್ ಈದ್ಗಾ, ಅದರಾಚೆಗೆ ದಂಡಿನ ರೈಲ್ವೆ ಸ್ಟೇಷನ್ನು. ನಡುವಿನ ಅಡ್ಡರಸ್ತೆಗಳಲ್ಲಿ ಹಳೇ ಬಂಗಲೆಗಳೂ ಅವುಗಳ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟುಗಳೂ ಇವೆ. ಮರಗಳ ಕೆಳಗೆ ಸಾಲು ಸಾಲು ಕಾರುಗಳಿವೆ. ಕಾರು ಇಲ್ಲಿದೆ, ಅದಕ್ಕೆ ಬೇಕಾದ ವಿದ್ಯೆ ಊರ ತುಂಬ ಹಂಚಿಹೋಗಿದೆ. ಊಫರ್ ಮಾರಿ ಕೂರಿಸಿಕೊಡುವವರು ಜೆ.ಸಿ. ರಸ್ತೆಯಲ್ಲಿ. ಟ್ರಾನ್ಸಿಸ್ಟರು, ಐಸಿ ಬಿಡಿಯಾಗಿ ಸಿಗುವುದು ಎಸ್.ಪಿ. ರಸ್ತೆಯಲ್ಲಿ. ಹಳೇ ಗಾಡಿಯಿಂದ ಕಿತ್ತ ಕಪ್ಲರ್, ಡೋರಿನ ವೈರಿಂಗು ಬೇಕಾದರೆ ಶಿವಾಜಿನಗರದ ಗುಜರಿ. ಎಂಜಿನ್ ನೋಡುವ ಮೆಕ್ಯಾನಿಕ್ಕು ಫ್ರೇಜರ್ ಟೌನಿನ ಗ್ಯಾರೇಜಿನಲ್ಲಿ. ಅವರು ಸ್ಟೀರಿಯೊ ವೈರು ಮುಟ್ಟುವುದಿಲ್ಲ. “ಅದು ನಮ್ ಲೈನ್ ಅಲ್ಲ ಸಾರ್.” ಬೋರ್ಡು ರಿಪೇರಿ ಮಾಡುವ ಭಾಯ್ ಬೋರ್ಡನ್ನು ಮಾತ್ರ ನೋಡುತ್ತಾರೆ. ಕಿಡ್ನಿಯೊಂದನ್ನೇ ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಬಳಿ ಹೋದ ಹಾಗೆ ಯಜಮಾನರು ಆಂಪನ್ನು ಬಿಚ್ಚಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ಇಷ್ಟೂ ಜನರ ನಡುವೆ ಪೂರ್ತಿ ಕತೆ ಗೊತ್ತಿರುವವರು ಅವರೊಬ್ಬರೇ. ಆ ಕತೆಯನ್ನು ಯಾರೂ ಕೇಳುವುದಿಲ್ಲ.

ಕಾರಿಗೂ ಸಂಗೀತಕ್ಕೂ ಇರುವ ಈ ಜಗಳ ಹೊಸದೇನಲ್ಲ. ಷಿಕಾಗೊದ ಪಾಲ್ ಗಾಲ್ವಿನ್ 1930ರಲ್ಲಿ ‘ಮೋಟೊರೋಲಾ’ ಎಂಬ ಹೆಸರಿನಲ್ಲಿ ಕಾರ್ ರೇಡಿಯೊ ಮಾರಲು ಹೊರಟಾಗ ಎದುರಾದ ದೊಡ್ಡ ಶತ್ರು ಕಾರೇ. ಸ್ಪಾರ್ಕ್ ಪ್ಲಗ್ಗು ಒಂದೊಂದು ಸಲ ಕಿಡಿ ಹಾರಿಸಿದಾಗಲೂ ರೇಡಿಯೊದಲ್ಲಿ ಚಟಪಟ ಸದ್ದು. ಅದನ್ನು ಅಡಗಿಸುವುದಕ್ಕೇ ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಅಂಥ ರೇಡಿಯೊ ಬಲ್ಲವರ ಬುದ್ಧಿಯೆಲ್ಲ ಖರ್ಚಾಯಿತು. ಸಾಲ ಕೇಳಲು ಹೋದ ಗಾಲ್ವಿನ್ ಬ್ಯಾಂಕಿನವರನ್ನು ಮೆಚ್ಚಿಸಲೆಂದು ಅವರ ಪ್ಯಾಕಾರ್ಡ್ ಕಾರಿಗೇ ಒಂದು ರೇಡಿಯೊ ಕೂರಿಸಿದರಂತೆ, ಅರ್ಧ ಗಂಟೆಯಲ್ಲಿ ಕಾರಿಗೆ ಬೆಂಕಿ ಬಿತ್ತಂತೆ, ಸಾಲ ಸಿಗಲಿಲ್ಲವಂತೆ. ಈ ಉದ್ಯೋಗದಲ್ಲಿ ಎಲ್ಲರ ಬಾಯಲ್ಲೂ ಇರುವ ಕತೆ ಇದು. ಫಿಟ್ಟಿಂಗ್ ಮಾಡಿದವರು ಆಗ ಏನು ಹೇಳಿರಬಹುದು ಎಂಬುದನ್ನು ಜೆ.ಸಿ. ರಸ್ತೆ ಕಂಡವರು ಊಹಿಸಬಲ್ಲರು.

ಆ ಕಾಲದ ರೇಡಿಯೊಗಳ ವಾಲ್ವ್‌ಗಳಿಗೆ ನೂರಾರು ವೋಲ್ಟ್ ಬೇಕಿತ್ತು, ಕಾರಿನ ಬ್ಯಾಟರಿಯಲ್ಲಿ ಇದ್ದದ್ದು 6 ವೋಲ್ಟ್. ಅದಕ್ಕೆಂದು ‘ವೈಬ್ರೇಟರ್’ ಎಂಬ ಡಬ್ಬಿ ಬಂತು. ಒಳಗೊಂದು ಲೋಹದ ನಾಲಗೆ ಸೆಕೆಂಡಿಗೆ ನೂರು ಸಲದ ಮೇಲೆ ಅದುರುತ್ತ ಕರೆಂಟನ್ನು ಕಡಿದು ಕೂಡಿಸುತ್ತಿತ್ತು. ಹಾಗೆ ಕಡಿದ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಏರಿಸುತ್ತಿತ್ತು. ಇವತ್ತಿನ ಆಂಪ್‌ನಲ್ಲೂ ನಡೆಯುವುದು ಅದೇ ಕೆಲಸ. ನಾಲಗೆಯ ಜಾಗದಲ್ಲಿ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳು ಬಂದಿವೆ, ಅವು ಸೆಕೆಂಡಿಗೆ ಹತ್ತಾರು ಸಾವಿರ ಸಲ ತೆರೆದು ಮುಚ್ಚುತ್ತವೆ. ಅವುಗಳಿಗೆ ತಾಳ ಹಾಕುವುದು ಬಹಳಷ್ಟು ಆಂಪ್‌ಗಳಲ್ಲಿ ಟಿಎಲ್494 ಎಂಬ ಹದಿನಾರು ಕಾಲಿನ ಐಸಿ. ಹಳೇ ಕಂಪ್ಯೂಟರಿನ ಪವರ್ ಸಪ್ಲೈಗಳಲ್ಲೂ ಅದೇ ಇರುತ್ತಿದ್ದುದರಿಂದ ಎಸ್.ಪಿ. ರಸ್ತೆಯಲ್ಲಿ ಅದಕ್ಕೆ ಬರವಿಲ್ಲ.

ಇಷ್ಟು ಸರ್ಕಸ್ಸು ಯಾಕೆ ಎಂದರೆ 12 ವೋಲ್ಟಿನಲ್ಲಿ ಗಟ್ಟಿಯಾದ ಸದ್ದು ಹುಟ್ಟುವುದಿಲ್ಲ. ಡ್ಯಾಶ್‌ಬೋರ್ಡಿನ ಸ್ಟೀರಿಯೊ ಮುಖದ ಮೇಲೆ ‘50 ವ್ಯಾಟ್ x 4’ ಎಂದು ಬರೆದಿದ್ದರೂ ನಾಲ್ಕು ಓಮ್ ಸ್ಪೀಕರಿಗೆ ಅದು ಶುದ್ಧವಾಗಿ ಕೊಡಬಲ್ಲದ್ದು ಸುಮಾರು 20 ವ್ಯಾಟ್. ಮಿಕ್ಕದ್ದು ಬರವಣಿಗೆ. ಅದಕ್ಕಿಂತ ಹೆಚ್ಚು ಬೇಕಾದರೆ ವೋಲ್ಟೇಜ್ ಏರಿಸಲೇಬೇಕು. ಹಾಗಾಗಿ ಡಿಕ್ಕಿಯ ಪೆಟ್ಟಿಗೆಯಲ್ಲಿ ಎರಡು ಸಂಸಾರ: ವೋಲ್ಟೇಜ್ ಏರಿಸುವ ಸಪ್ಲೈ ಕಡೆ ಒಂದು, ಸ್ಪೀಕರ್ ಕುಣಿಸುವ ಔಟ್‌ಪುಟ್ ಕಡೆ ಇನ್ನೊಂದು. ಯಾವ ಕಡೆಯವರು ಸತ್ತರು ಎಂಬುದರ ಮೇಲೆ ಕೊಂದವರು ಯಾರು ಎಂಬುದನ್ನು ಅರ್ಧಕ್ಕರ್ಧ ಹೇಳಬಹುದು. ಔಟ್‌ಪುಟ್ ಟ್ರಾನ್ಸಿಸ್ಟರ್ ಸತ್ತಿದ್ದರೆ ಅನುಮಾನ ಸ್ಪೀಕರ್ ವೈರಿನ ಮೇಲೆ. ಸಪ್ಲೈ ಮಾಸ್‌ಫೆಟ್ ಮಾತ್ರ ಸತ್ತಿದ್ದರೆ ಬ್ಯಾಟರಿಯಿಂದ ಬರುವ ದಾರಿಯ ಮೇಲೆ. ಆದ್ದರಿಂದ ರಿಪೇರಿಗೆ ಕೊಟ್ಟವರು ಹಳೇ ಪಾರ್ಟುಗಳನ್ನು ಕವರಿನಲ್ಲಿ ಹಾಕಿಸಿಕೊಂಡು ಬರುವುದು ಒಳ್ಳೆಯದು. ಕಾರು ಮೆಕ್ಯಾನಿಕ್ಕಿನ ಹತ್ತಿರ ಹಳೇ ಬ್ರೇಕ್ ಪ್ಯಾಡ್ ಕೇಳುವವರು ಇಲ್ಲಿ ಮಾತ್ರ ಯಾಕೋ ಕೇಳುವುದಿಲ್ಲ.

ಇನ್ನು ಮೇಜಿನ ಮೇಲೆ ಹಾಡಿದ್ದು ಡಿಕ್ಕಿಯಲ್ಲಿ ಯಾಕೆ ಹಾಡುವುದಿಲ್ಲ? ಅಂಗಡಿಯ ಮೇಜಿನಲ್ಲಿ ಆಂಪಿಗೆ ಸಿಗುವುದು ಒಂದು ಮೊಳದ ವೈರು, ಒಂದು ಸ್ಪೀಕರು, ಫ್ಯಾನಿನ ಗಾಳಿ, ಮಾತಾಡಿಕೊಂಡೇ ಕೇಳಬಹುದಾದಷ್ಟು ವಾಲ್ಯೂಮು. ಅಷ್ಟಕ್ಕೆ ಎರಡು ಮೂರು ಆಂಪಿಯರ್ ಸಾಕು. ಅದೇ ಆಂಪು ಕಾರಿನಲ್ಲಿ 500 ವ್ಯಾಟ್ ಕೊಡಬೇಕಾದರೆ, ಕ್ಲಾಸ್ ಡಿ ಜಾತಿಯದಾದರೂ 45 ಆಂಪಿಯರ್ ಎಳೆಯುತ್ತದೆ. ಹಳೇ ಕ್ಲಾಸ್ ಎಬಿ ಆದರೆ 70ರ ಹತ್ತಿರ. ಅಷ್ಟು ಕರೆಂಟು ಬಾನೆಟ್ಟಿನ ಬ್ಯಾಟರಿಯಿಂದ ನಾಲ್ಕೈದು ಮೀಟರ್ ಕೇಬಲ್ಲಿನಲ್ಲಿ ಡಿಕ್ಕಿಗೆ ಬಂದು, ಕಾರಿನ ಬಾಡಿಯ ಮೂಲಕ ಹಿಂದಕ್ಕೆ ಹೋಗಬೇಕು. ಬರುವ ದಾರಿಗೆ ಎಲ್ಲರೂ ದುಡ್ಡು ಖರ್ಚು ಮಾಡುತ್ತಾರೆ. ಹಿಂದಕ್ಕೆ ಹೋಗುವ ದಾರಿಗೆ ಒಂದು ಸ್ಕ್ರೂ.

ಆ ಸ್ಕ್ರೂವಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಫಿಟ್ಟರ್ ಹುಡುಗ ಡಿಕ್ಕಿಯ ಕಾರ್ಪೆಟ್ ಎತ್ತಿ, ಕೈಗೆ ಸಿಕ್ಕ ಬೋಲ್ಟಿಗೆ ಕಪ್ಪು ವೈರು ಸುತ್ತಿ ಬಿಗಿಯುತ್ತಾನೆ. ಕೆಳಗಿನ ಪೇಂಟನ್ನು ಕೆರೆದಿರುವುದಿಲ್ಲ. ಪೇಂಟಿನಲ್ಲಿ ಕರೆಂಟು ಹರಿಯುವುದಿಲ್ಲ; ಹರಿದದ್ದೆಲ್ಲ ಬೋಲ್ಟಿನ ಮರೆ ಸುತ್ತಿದ ಜಾಗದಲ್ಲಿ, ಅದೂ ತುಕ್ಕು ಹಿಡಿಯುವ ತನಕ. ಆ ಜೋಡಣೆಯಲ್ಲಿ ಒಂದು ಓಮಿನ ಇಪ್ಪತ್ತನೇ ಒಂದು ಭಾಗದಷ್ಟು ತಡೆ ಬಂತು ಎಂದುಕೊಳ್ಳೋಣ. ಮಾಮೂಲಿ ಮೀಟರಿನ ಕಣ್ಣಿಗೆ ಅದು ಸೊನ್ನೆ. ಆದರೆ 40 ಆಂಪಿಯರ್ ಹರಿದಾಗ ಅಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ, 80 ವ್ಯಾಟ್ ಶಾಖವಾಗುತ್ತದೆ. ಬೋರ್ಡಿನ ಕೆಲಸಕ್ಕೆ ಬಳಸುವ 25 ವ್ಯಾಟಿನ ಸಾಲ್ಡರಿಂಗ್ ಐರನ್ ಮೂರನ್ನು ಕಾರ್ಪೆಟ್ಟಿನ ಕೆಳಗೆ ಉರಿಯಲು ಬಿಟ್ಟಷ್ಟು. ವೋಲ್ಟೇಜ್ ಕುಸಿದಾಗ ನಿಯಂತ್ರಿತ ಸಪ್ಲೈ ಇರುವ ಆಂಪು ಸುಮ್ಮನಿರುವುದಿಲ್ಲ, ಕೊರತೆ ತುಂಬಲು ಇನ್ನಷ್ಟು ಕರೆಂಟು ಎಳೆಯುತ್ತದೆ. ಮಾಸ್‌ಫೆಟ್‌ಗಳು ಕಾಯುತ್ತವೆ. ಏಪ್ರಿಲ್ ಮಧ್ಯಾಹ್ನ, ಮುಚ್ಚಿದ ಡಿಕ್ಕಿ, ಮುಂದಿನದನ್ನು ಹೇಳಬೇಕಿಲ್ಲ.

ಇಲ್ಲಿ ಮೀಟರು ಯಜಮಾನರಿಗೆ ಕೈಕೊಡುತ್ತದೆ. ಹಾಡು ನಿಲ್ಲಿಸಿ ಅಳೆದರೆ 12.6 ವೋಲ್ಟ್ ಸರಿಯಾಗಿ ತೋರಿಸುತ್ತದೆ. ಕೇಬಲ್ಲಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ತೋರಿಸುತ್ತದೆ, ಯಾಕೆಂದರೆ ಮೀಟರಿಗೆ ಕರೆಂಟು ಎಳೆಯುವ ಅಭ್ಯಾಸವೇ ಇಲ್ಲ. ಅಳೆಯಬೇಕಾದ್ದು ಎಂಜಿನ್ ಓಡುತ್ತಿರುವಾಗ, ಹಾಡು ಜೋರಾಗಿರುವಾಗ. ಮೊದಲು ಬ್ಯಾಟರಿಯ ಮೇಲೆ, ಆಮೇಲೆ ಆಂಪಿನ ಟರ್ಮಿನಲ್ಲಿನ ಮೇಲೇ. ಬ್ಯಾಟರಿಯಲ್ಲಿ 14ರ ಹತ್ತಿರ ಇದ್ದು ಆಂಪಿನಲ್ಲಿ 11.5 ಬಂದರೆ ಆ ಎರಡೂವರೆ ವೋಲ್ಟು ದಾರಿಯಲ್ಲಿ ಎಲ್ಲೋ ಸೋರಿದೆ. ಮೆಕ್ಯಾನಿಕ್ಕುಗಳು ಇಂದಿಗೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರ್ ಮೇಲೆ ಅನುಮಾನ ಪಡುವ ಮುಂಚೆ ನೋಡಬೇಕಾದ ಲೆಕ್ಕ ಇದು.

ಕೇಬಲ್ಲಿನದೂ ಒಂದು ಕತೆ. ದಪ್ಪ ರಬ್ಬರಿನ, ಹೊಳೆಯುವ ಕೆಂಪು ವೈರು ಕೈಯಲ್ಲಿ ಹಿಡಿದರೆ ತೀರ ಹಗುರ ಅನಿಸಿದರೆ ಅದು ತಾಮ್ರವಲ್ಲ, ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಅದರಲ್ಲಿ ಕರೆಂಟು ಹರಿಯುವುದು ಶುದ್ಧ ತಾಮ್ರದ ಮೂರನೇ ಎರಡು ಭಾಗದಷ್ಟು ಸರಾಗವಾಗಿ ಮಾತ್ರ. ಶುದ್ಧ ತಾಮ್ರವೇ ಆದರೂ 8 ಗೇಜಿನ ಕೇಬಲ್ 5 ಮೀಟರ್ ಇದ್ದರೆ 45 ಆಂಪಿಯರಿಗೆ ಸುಮಾರು ಅರ್ಧ ವೋಲ್ಟ್ ನುಂಗುತ್ತದೆ. 4 ಗೇಜ್ ಆದರೆ 0.2 ವೋಲ್ಟಿಗೂ ಕಡಿಮೆ. ಇದನ್ನೆಲ್ಲ ಸರಿಪಡಿಸುವ ಬದಲು ಅಂಗಡಿಯವರು ನೀಲಿ ಅಂಕಿಗಳು ಮಿನುಗುವ ಒಂದು ಫ್ಯಾರಡ್ ಕೆಪಾಸಿಟರ್ ಮಾರಲು ನೋಡುತ್ತಾರೆ. ನೋಡಲು ಬಹಳ ಚೆನ್ನ. ವೋಲ್ಟೇಜ್ 14ರಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡಬಲ್ಲದ್ದು 26 ಜೌಲ್. 600 ವ್ಯಾಟ್ ಎಳೆಯುವ ಆಂಪಿಗೆ ಅದು ಸೆಕೆಂಡಿನ ಇಪ್ಪತ್ತನೇ ಒಂದು ಪಾಲಿಗೂ ಸಾಲದು. ಆ ದುಡ್ಡಿಗೆ ಒಳ್ಳೇ ಕೇಬಲ್ಲು ಬರುತ್ತದೆ. ಕೇಬಲ್ಲು ಮಿನುಗುವುದಿಲ್ಲ ಎಂಬುದೇ ಅದರ ದೋಷ.

ಮತ್ತೆ ಕೆಂಪು ದೀಪಕ್ಕೆ ಬರೋಣ. ರಿಪೇರಿಯಾಗಿ ಬಂದ ಆಂಪು ಕಾರಿನಲ್ಲಿ ‘ಪ್ರೊಟೆಕ್ಟ್’ ಎನ್ನುತ್ತಿದ್ದರೆ ಅದನ್ನು ಕೂಡಲೇ ಬಿಚ್ಚಿಕೊಂಡು ಅಂಗಡಿಗೆ ಓಡುವುದು ಕೊನೆಯ ಕೆಲಸವಾಗಬೇಕು. ಮೊದಲು ಸ್ಪೀಕರ್ ವೈರುಗಳನ್ನು, ಸ್ಟೀರಿಯೊದಿಂದ ಬರುವ ಆರ್‌ಸಿಎ ಪಿನ್ನುಗಳನ್ನು ಕಳಚಬೇಕು. ಉಳಿಯಬೇಕಾದದ್ದು ಮೂರೇ ವೈರು: ಕೆಂಪು, ಕಪ್ಪು, ಮತ್ತು ಆಂಪಿಗೆ ಏಳು ಎಂದು ಹೇಳುವ ನೀಲಿ ರಿಮೋಟ್ ವೈರು. ಈಗಲೂ ಕೆಂಪು ದೀಪ ಉರಿದರೆ, ಮೂರು ವೈರಿನ ವೋಲ್ಟೇಜ್ ಸರಿಯಿದ್ದ ಪಕ್ಷದಲ್ಲಿ, ರೋಗ ಪೆಟ್ಟಿಗೆಯೊಳಗೆ. ದೀಪ ಹಸಿರಾದರೆ ರೋಗ ಹೊರಗೆ. ಸ್ಪೀಕರುಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಹೋದಾಗ ಯಾವುದಕ್ಕೆ ದೀಪ ಕೆಂಪಾಗುತ್ತದೋ ಅದೇ ಕಳ್ಳ. ಐದು ನಿಮಿಷದ ಕೆಲಸ. ಸ್ಕ್ರೂಡ್ರೈವರ್, ಮೀಟರ್ ಎರಡೇ ಸಾಕು.

ಹೊರಗಿನ ಕಳ್ಳರು ಬಗೆಬಗೆಯವರು. ಬಾಗಿಲ ಸ್ಪೀಕರಿಗೆ ಹೋಗುವ ವೈರು ಕೀಲಿನ ಸಂದಿಯಲ್ಲಿ ಸಾವಿರ ಸಲ ಮಡಚಿ ಬಿಚ್ಚಿ ತೊಗಲು ಕಿತ್ತಿರುತ್ತದೆ. ಬಾಗಿಲು ಮುಚ್ಚಿದಾಗ ಬಾಡಿಗೆ ತಾಗುತ್ತದೆ, ತೆರೆದಾಗ ಇಲ್ಲ. ಫಿಟ್ಟರು ಬಾಗಿಲು ತೆರೆದೇ ಪರೀಕ್ಷೆ ಮಾಡುತ್ತಾರೆ, ಯಜಮಾನರು ಮುಚ್ಚಿಕೊಂಡೇ ಓಡಿಸುತ್ತಾರೆ. ಮರದ ಕೆಳಗೆ ವಾರಗಟ್ಟಲೆ ನಿಲ್ಲುವ ಕಾರಿನೊಳಗೆ ಇಲಿ ಸೇರಿಕೊಳ್ಳುತ್ತದೆ. ನುಸಿಗುಳಿಗೆ, ಹೊಗೆಸೊಪ್ಪು ಎಲ್ಲ ಇಟ್ಟರೂ ಅದಕ್ಕೆ ವೈರಿನ ರುಚಿ ಬಿಡುವುದಿಲ್ಲ. ಸೀಟಿನ ಕೆಳಗೆ ಆಂಪು ಕೂರಿಸಿದ್ದರೆ ಎಸಿ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡು ಕಾರ್ಪೆಟ್ ಒದ್ದೆಯಾಗುವುದೂ ಉಂಟು. ಮಳೆಗಾಲದಲ್ಲಿ ಅಂಡರ್‌ಪಾಸಿನ ನೀರಿಗೆ ಇಳಿದು ಬಂದ ಗಾಡಿಯಾದರಂತೂ ಕೇಳುವುದೇ ಬೇಡ.

ಅದಕ್ಕೂ ಮಿಗಿಲಾದದ್ದು ಲೆಕ್ಕ ತಪ್ಪಿದ ಊಫರು. ನಾಲ್ಕು ಓಮಿನ ಎರಡು ಕಾಯಿಲ್ ಇರುವ ಊಫರಿನಲ್ಲಿ ಎರಡನ್ನೂ ಸಮಾಂತರವಾಗಿ ಸೇರಿಸಿದರೆ ಎರಡು ಓಮ್. ಅದನ್ನು ಆಂಪಿನ ಎರಡು ಚಾನೆಲ್ ಒಂದಾಗಿ ಸೇರಿಸಿ, ಅಂದರೆ ಬ್ರಿಜ್ ಮಾಡಿ ಕೊಟ್ಟರೆ ಒಂದೊಂದು ಚಾನೆಲ್ಲಿಗೂ ಒಂದು ಓಮ್ ಹೊರೆ. ಬ್ರಿಜ್ ಮಾಡಿದಾಗ ನಾಲ್ಕು ಓಮಿಗಿಂತ ಕಡಿಮೆ ಬೇಡ ಎಂದು ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಪೆಟ್ಟಿಗೆ ತಲೆಕೆಳಗಾಗಿ ಕೂತಿರುತ್ತದೆ, ಓದುವವರಾರು? ಸದ್ದು ಮಾತ್ರ ಭರ್ಜರಿ, ಸಾಯುವ ತನಕ. ಟೂರಿಸ್ಟ್ ಬಸ್ಸುಗಳವರ ಪಾಡು ಇನ್ನೂ ಬೇರೆ. ಅಲ್ಲಿ 24 ವೋಲ್ಟ್. ಕಾರಿನ ಆಂಪನ್ನು ಎರಡು ಬ್ಯಾಟರಿಗಳಲ್ಲಿ ಒಂದಕ್ಕೆ ಮಾತ್ರ ಸಿಕ್ಕಿಸುತ್ತಾರೆ. ಆಂಪು ಬದುಕುತ್ತದೆ, ಆ ಒಂದು ಬ್ಯಾಟರಿ ಬೇಗ ಮುದಿಯಾಗುತ್ತದೆ.

ಹಾಗೆಂದು ರಿಪೇರಿಯವರ ಕೈಯಲ್ಲಿ ತಪ್ಪೇ ಆಗುವುದಿಲ್ಲ ಎಂದಲ್ಲ. ಮಾಸ್‌ಫೆಟ್ ಬೆನ್ನಿಗೂ ಅಲ್ಯೂಮಿನಿಯಂ ಮೈಗೂ ನಡುವೆ ತೆಳ್ಳನೆಯ ಮೈಕಾ ಹಾಳೆ ಇರುತ್ತದೆ. ಹರಿದ ಹಾಳೆಯನ್ನೇ ಮತ್ತೆ ಹಾಕಿದರೆ ಇಡೀ ಮೈಯೇ ಶಾರ್ಟು. ಒತ್ತಿ ಹಿಡಿಯುವ ಕ್ಲಿಪ್ಪಿನ ಸ್ಕ್ರೂ ಸಡಿಲ ಬಿಟ್ಟರೆ ಶಾಖ ಹೊರಹೋಗದೆ ಹೊಸ ಪಾರ್ಟು ನಿಮಿಷಗಳಲ್ಲಿ ಹೋಗುತ್ತದೆ. ಸಾಲಾಗಿ ನಿಂತ ಮಾಸ್‌ಫೆಟ್‌ಗಳಲ್ಲಿ ಸುಟ್ಟ ಎರಡನ್ನು ಮಾತ್ರ ಬದಲಿಸಿ ಮಿಕ್ಕವನ್ನು ಹಾಗೇ ಬಿಡುವುದು ಇನ್ನೊಂದು ಉಳಿತಾಯ. ಹಳಬರು ದಣಿದಿರುತ್ತಾರೆ, ಹೊರೆ ಸಮವಾಗಿ ಹಂಚಿಕೆಯಾಗುವುದಿಲ್ಲ. “ಐಆರ್‌ಎಫ್‌ಜೆಡ್44 ಬದಲು 3205 ಹಾಕಿದ್ದೀನಿ ಸಾರ್, ಡಬ್ಬಲ್ ಪವರ್” ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆಂಪಿಯರ್ ಅಂಕಿ ದೊಡ್ಡದೇ ನಿಜ. ಆದರೆ ಅದರ ಗೇಟ್ ತುಂಬಿಸಲು ಎರಡು ಪಟ್ಟು ಹೆಚ್ಚು ಚಾರ್ಜು ಬೇಕು, ಹಳೆಯದಕ್ಕೆಂದು ಮಾಡಿದ ಡ್ರೈವರ್ ಅಷ್ಟನ್ನು ಕೊಡಲಾರದೆ ಏದುಸಿರು ಬಿಡುತ್ತದೆ. ಇನ್ನು ಮೇಲಿನ ಬರಹ ಉಜ್ಜಿ ಹೊಸ ನಂಬರು ಹೊಡೆದ ಡೂಪ್ಲಿಕೇಟ್ ಪಾರ್ಟುಗಳ ವಿಷಯದಲ್ಲಿ ರಿಪೇರಿಯವರೂ ಯಜಮಾನರಷ್ಟೇ ಅಸಹಾಯಕರು.

ಈ ಊರಿಗೆ ಬೋರ್ಡು ಬಲ್ಲ ಕೈಗಳ ಬಡತನ ಎಂದೂ ಇರಲಿಲ್ಲ. ಪೂರ್ವದ ತುದಿಯ ದೂರವಾಣಿನಗರದಲ್ಲಿ 1948ರಿಂದ ಐಟಿಐ, ಒಂದು ಕಾಲಕ್ಕೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, ಜಾಲಹಳ್ಳಿಯಲ್ಲಿ 1954ರಿಂದ ಬಿಇಎಲ್. ಬಿಇಎಲ್187, 188 ಎಂಬ ಜೋಡಿ ಟ್ರಾನ್ಸಿಸ್ಟರುಗಳಿಂದ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದ ತಲೆಮಾರು ಇನ್ನೂ ಇದೆ. ಅವರಲ್ಲಿ ಯಾರ ಮುಂದಾದರೂ ಸುಟ್ಟ ಆಂಪು ಇಟ್ಟರೆ ಮೊದಲು ಅವರು ಕೇಳುವುದು ಐಸಿ ನಂಬರನ್ನಲ್ಲ. “ಏನಾಗ್ತಿದ್ದಾಗ ಹೋಯ್ತು?” ಅಂತ. ಬ್ಯಾಟರಿ ಬದಲಾಯಿಸಿದ ಮೇಲೋ, ಸ್ಪೀಕರ್ ಬದಲಾಯಿಸಿದ ಮೇಲೋ, ಮಳೆ ಬಂದ ಮೇಲೋ? ರಿಪೇರಿಯಾದ ಆಂಪಿಗೆ ಮೊದಲ ಸಲ ಕರೆಂಟು ಕೊಡುವಾಗ ಬಲ್ಲವರು ಫ್ಯೂಸಿನ ಜಾಗದಲ್ಲಿ ಕಾರಿನದೇ ಹೆಡ್‌ಲೈಟ್ ಬಲ್ಬೊಂದನ್ನು ಸಿಕ್ಕಿಸುತ್ತಾರೆ. ಒಳಗೆ ಶಾರ್ಟ್ ಉಳಿದಿದ್ದರೆ ಬಲ್ಬು ಝಗ್ಗೆಂದು ಉರಿದು ಕರೆಂಟನ್ನು ತಾನೇ ತಡೆಯುತ್ತದೆ, ಹೊಸ ಪಾರ್ಟು ಉಳಿಯುತ್ತದೆ. ಸರಿಯಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತದೆ. ಬಲ್ಬು ಹಾಕದೆ ನೇರ ಬ್ಯಾಟರಿಗೆ ಕೊಟ್ಟು ನೋಡುವವರ ಬಿಲ್ಲಿನಲ್ಲಿ ಮಾಸ್‌ಫೆಟ್‌ಗಳ ಸಂಖ್ಯೆ ಹೆಚ್ಚಿರುವುದಕ್ಕೆ ಕಾರಣ ಇದೇ ಇರಬಹುದು.

ಬಿಲ್ಲಿನ ಮಾತು ಬಂದಾಗ ಗ್ಯಾರಂಟಿಯ ಮಾತೂ ಬರುತ್ತದೆ. “ಎಲೆಕ್ಟ್ರಾನಿಕ್ಸ್‌ಗೆ ಗ್ಯಾರಂಟಿ ಇಲ್ಲ ಸಾರ್, ಕರೆಂಟಿನ ಸಾಮಾನು.” 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ, ದುಡ್ಡು ತೆಗೆದುಕೊಂಡು ಮಾಡಿದ ರಿಪೇರಿಯೂ ಸೇವೆಯೇ, ಅದರ ನ್ಯೂನತೆಗೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, 1915ಕ್ಕೆ ಫೋನ್ ಮಾಡಿಯೂ ಕೇಳಬಹುದು. ಆದರೆ ಗ್ರಾಹಕರ ಆಯೋಗದ ಮುಂದೆ ಹೋಗಿ ನಿಂತರೆ ಮೊದಲು ತೋರಿಸಬೇಕಾದದ್ದು ಬಿಲ್ಲು. ಚೀಟಿಯ ಮೇಲೆ ‘ಆಂಪ್ ರಿಪೇರಿ’ ಎಂದಷ್ಟೇ ಗೀಚಿದ್ದನ್ನು ಹಿಡಿದು ಯಾವ ಪಾರ್ಟು ಬದಲಾಯಿತೆಂದು ಹೇಳುವುದು ಕಷ್ಟ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ಶುರುಮಾಡಿದಾಗ ಆಟೊಮೊಬೈಲನ್ನೂ ಎಲೆಕ್ಟ್ರಾನಿಕ್ಸನ್ನೂ ಪಟ್ಟಿಯಲ್ಲಿ ಸೇರಿಸಿತು. ಡಿಕ್ಕಿಯ ಆಂಪು ಎರಡರ ಮಧ್ಯೆ ಎಲ್ಲೋ ಇದೆ. ವಿಮೆಯವರ ಲೆಕ್ಕವೂ ಪ್ರತ್ಯೇಕ: ಆಮೇಲೆ ಕೂರಿಸಿದ ಎಲೆಕ್ಟ್ರಿಕಲ್ ಸಾಮಾನಿನ ಬೆಲೆ ತಿಳಿಸಿ, ಹಳೇ ಮೋಟಾರು ಟ್ಯಾರಿಫಿನ ಪ್ರಕಾರ ಅದರ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಮಾತ್ರ ಅದು ಪಾಲಿಸಿಯೊಳಗೆ.

ಇಷ್ಟೆಲ್ಲ ಸುತ್ತಾಟದ ನಂತರ ಯಾವಾಗಲೋ ಒಂದು ದಿನ ಯಾರೋ ಒಬ್ಬರು ಬೆನ್ಸನ್ ಟೌನಿಗೇ ಬಂದು ಕಾರು ನೋಡಲು ಒಪ್ಪುತ್ತಾರೆ. ಟೂವೀಲರಿನಲ್ಲಿ ಬಂದವರು ಡಿಕ್ಕಿಯ ಕಾರ್ಪೆಟ್ ಎತ್ತಿ, ಬೋಲ್ಟ್ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಪೇಂಟು ಕೆರೆದು, ವೈರಿನ ತುದಿಗೆ ತಾಮ್ರದ ಲಗ್ ಒತ್ತಿ ಬಿಗಿಯುತ್ತಾರೆ. ಬಾಗಿಲ ರಬ್ಬರ್ ಸರಿಸಿ ತೊಗಲು ಕಿತ್ತ ವೈರಿಗೆ ಸ್ಲೀವ್ ಹಾಕುತ್ತಾರೆ. ಎಂಜಿನ್ ಹಾಕಿಸಿ, ಹಾಡು ಜೋರು ಮಾಡಿಸಿ, ಮೀಟರ್ ಹಿಡಿದು ನೋಡಿ, ಬಾಗಿಲು ಮುಚ್ಚಿ ಇನ್ನೊಮ್ಮೆ ನೋಡುತ್ತಾರೆ. ಮುಕ್ಕಾಲು ಗಂಟೆ ಕೆಲಸ. ಬೋರ್ಡಿನವರಿಗೆ ತುಟಿಪಿಟಕ್ಕೆನ್ನದೆ ಸಾವಿರಗಟ್ಟಲೆ ಎಣಿಸಿದ್ದ ಯಜಮಾನರು ಈಗ ಹುಬ್ಬು ಗಂಟಿಕ್ಕುತ್ತಾರೆ.

“ಏನಪ್ಪಾ, ಒಂದು ಬೋಲ್ಟ್ ಟೈಟ್ ಮಾಡಿದ್ದಕ್ಕೆ ಐನೂರಾ?”